ಆರು ಮೂಲೆಯ ಮನೆಗಳಲ್ಲಿ ಮಹಾಯುದ್ಧ

ಕಂಪ್ಯೂಟರ್ ಆಟ ಎಂದ ಕೂಡಲೆ ನಮ್ಮ ಕಣ್ಣೆದುರು ಬರುವುದು ಗುಂಡಿನ ಸದ್ದು, ಓಡುವ ಕಾರು, ಪರದೆಯ ಮುಂದೆ ಊಟ ಮರೆತು ಕುಳಿತ ಹುಡುಗ. ಇದಕ್ಕೆ ತೀರ ಬೇರೆಯಾದ ಒಂದು ಜಾತಿಯ ಆಟಗಳಿವೆ. ಅಲ್ಲಿ ಅವಸರವಿಲ್ಲ. ಪರದೆಯ ಮೇಲೆ ಒಂದು ಭೂಪಟ. ಭೂಪಟದ ತುಂಬ ಜೇನುಗೂಡಿನಂತೆ ಆರು ಮೂಲೆಯ ಮನೆಗಳು. ಮನೆಗಳಲ್ಲಿ ಟ್ಯಾಂಕು, ಫಿರಂಗಿ, ವಿಮಾನ, ಕಾಲಾಳುಗಳ ಪುಟ್ಟ ಚಿತ್ರಗಳು. ಚದುರಂಗದ ಹಾಗೆ ನಿಮ್ಮದೊಂದು ಸರದಿ, ಎದುರಾಳಿಯದೊಂದು ಸರದಿ. ಎದುರಾಳಿ ಸಾಮಾನ್ಯವಾಗಿ ಯಂತ್ರವೇ. ನೀವು ಎದ್ದು ಹೋಗಿ ಕಾಫಿ ಕುಡಿದು, ಪತ್ರಿಕೆ ತಿರುವಿಹಾಕಿ ಬಂದರೂ ಅದು ಬೇಸರಿಸದೆ ಕಾಯುತ್ತದೆ.

ಈ ಜಾತಿಯಲ್ಲಿ ದೊಡ್ಡ ಹೆಸರು ಮಾಡಿದ ಆಟ ‘ಪ್ಯಾಂಜರ್ ಜನರಲ್’. ಕ್ಯಾಲಿಫೋರ್ನಿಯಾದ ಸ್ಟ್ರಾಟೆಜಿಕ್ ಸಿಮ್ಯುಲೇಷನ್ಸ್ ಎಂಬ ಸಂಸ್ಥೆ ಇದನ್ನು 1994ರಲ್ಲಿ ಹೊರತಂದಿತು. ಜಪಾನಿನಲ್ಲಿ ಆಗಲೇ ಜನಪ್ರಿಯವಾಗಿದ್ದ ‘ದೈಸೆನ್‌ರ್ಯಾಕು’ ಆಟಮಾಲೆಯ ಪ್ರಭಾವ ಅದರ ಮೇಲಿತ್ತು. ವಸ್ತು ಎರಡನೆಯ ಮಹಾಯುದ್ಧ. ಬಿಡಿ ಕಾಳಗಗಳನ್ನು ಯಾವ ಪಕ್ಷ ವಹಿಸಿಯಾದರೂ ಆಡಬಹುದು. ಆದರೆ ಆಟದ ಜೀವಾಳವಾದ ದೀರ್ಘ ದಂಡಯಾತ್ರೆಯಲ್ಲಿ ಆಟಗಾರನಿಗೆ ದೊರೆಯುವುದು ಒಂದೇ ಪಾತ್ರ. ಅವನು ಜರ್ಮನ್ ಸೇನಾಪತಿ. 1939ರ ಸೆಪ್ಟೆಂಬರ್‌ನಲ್ಲಿ ಪೋಲೆಂಡಿನ ಮೇಲಿನ ದಾಳಿಯಿಂದ ಆರಂಭ. ಗೆಲ್ಲುತ್ತ ಹೋದರೆ ನಾರ್ವೆ, ಫ್ರಾನ್ಸ್, ಬಾಲ್ಕನ್ ನಾಡುಗಳು, ಕಡೆಗೆ ರಷ್ಯ. ನಿಜವಾದ ಯುದ್ಧದಲ್ಲಿ ಜರ್ಮನ್ ಸೈನಿಕ ಕಾಲಿಡದ ಇಂಗ್ಲೆಂಡಿನ ನೆಲಕ್ಕೂ ಇಲ್ಲಿ ಇಳಿಯಬಹುದು. ಎಲ್ಲೆಡೆ ಭರ್ಜರಿಯಾಗಿ ಗೆದ್ದವನನ್ನು ಆಟ ಅಟ್ಲಾಂಟಿಕ್ ದಾಟಿಸಿ ವಾಷಿಂಗ್ಟನ್ನಿನ ಬಾಗಿಲಿಗೂ ಒಯ್ಯುತ್ತದೆ.

ಇದನ್ನು ಆಡಿದವರನ್ನು ಮಾತಿಗೆಳೆದರೆ ಮೊದಲು ಬರುವ ಮಾತು ‘ಇನ್ನೊಂದು ಸರದಿ’. ಈ ಸೇತುವೆಯೊಂದನ್ನು ಹಿಡಿದು ಮಲಗುತ್ತೇನೆ ಎಂದು ರಾತ್ರಿ ಹನ್ನೊಂದಕ್ಕೆ ಅಂದುಕೊಂಡವನು ಹಾಲಿನವನು ಬಾಗಿಲು ತಟ್ಟಿದಾಗ ಗಡಿಯಾರ ನೋಡುತ್ತಾನೆ. ಪ್ರತಿ ಸರದಿಯ ಕೊನೆಗೂ ಒಂದು ಕೆಲಸ ಅರ್ಧಕ್ಕೆ ನಿಂತಿರುತ್ತದೆ. ಸೇತುವೆ ಸಿಕ್ಕಿತು, ಆಚೆ ದಡದ ಫಿರಂಗಿ ಉಳಿಯಿತು. ಫಿರಂಗಿ ಮಣಿಯಿತು, ಊರು ಉಳಿಯಿತು. ಎದ್ದು ಹೋಗಲು ತಕ್ಕ ಜಾಗವೇ ಸಿಗುವುದಿಲ್ಲ.

ಎರಡನೆಯ ಮಾತು ಸ್ವಲ್ಪ ವಿಚಿತ್ರವಾದದ್ದು. ಆಟಗಾರರು ತಮ್ಮ ತುಕಡಿಗಳನ್ನು ಪ್ರೀತಿಸತೊಡಗುತ್ತಾರೆ. ಒಂದೊಂದು ತುಕಡಿಯ ಬಲಕ್ಕೂ ಒಂದು ಅಂಕಿಯಿದೆ. ಸಾಮಾನ್ಯವಾಗಿ ಅದು 10. ಕಾದಾಡಿದ ಹಾಗೆ ಅಂಕಿ ಇಳಿಯುತ್ತದೆ, ಅನುಭವ ಏರುತ್ತದೆ. ಪೋಲೆಂಡಿನಲ್ಲಿ ಹೊಸದಾಗಿ ಸೇರಿದ ತುಕಡಿ ಉಳಿದುಕೊಂಡರೆ ಫ್ರಾನ್ಸಿಗೂ ಬರುತ್ತದೆ, ರಷ್ಯಕ್ಕೂ ಬರುತ್ತದೆ. ಬಲ ಕುಂದಿದಾಗ ಅಗ್ಗದ ಹೊಸಬರನ್ನು ತುಂಬಿದರೆ ಅನುಭವ ಕಲಸಿ ನೀರಾಗುತ್ತದೆ. ಪಳಗಿದವರನ್ನೇ ತುಂಬಬೇಕೆಂದರೆ ಗೆಲುವಿನಿಂದ ಸಂಪಾದಿಸಿದ ಪ್ರತಿಷ್ಠೆಯ ಅಂಕಗಳನ್ನು ಹೆಚ್ಚು ತೆರಬೇಕು. ಹಾಗಾಗಿ ಪಗಡೆಯಲ್ಲಿ ಹಣ್ಣಾಗುವ ಹೊತ್ತಿಗೆ ಬಂದ ಕಾಯಿಯನ್ನು ಕಾಯುವಂತೆ ಈ ಹಳೆಯ ತುಕಡಿಗಳನ್ನು ಆಟಗಾರ ಜೋಪಾನವಾಗಿ ಹಿಂದಕ್ಕೆ ಸರಿಸಿ ಕಾಯುತ್ತಾನೆ. ಅಂಕಿ ಎರಡಕ್ಕಿಳಿದ ಟ್ಯಾಂಕ್ ದಳವೊಂದನ್ನು ಉಳಿಸಿಕೊಳ್ಳಲು ಇಡೀ ಮುನ್ನಡೆಯನ್ನೇ ಒಂದು ದಿನ ನಿಲ್ಲಿಸಿದವರಿದ್ದಾರೆ. ಆ ಎಂಟು ಅಂಕಗಳು ಎಲ್ಲಿ ಹೋದವು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಆಟ ಏನನ್ನೂ ಕಲಿಸುವುದಿಲ್ಲ ಎಂದರೆ ಅನ್ಯಾಯವಾದೀತು. ನದಿ ಎಂಬುದು ಸೈನ್ಯಕ್ಕೆ ಎಂಥ ಅಡ್ಡಿ, ಊರಿನ ಬೀದಿಗಳಲ್ಲಿ ಟ್ಯಾಂಕು ಏಕೆ ಕುರುಡ, ಹಿಂದೆ ನಿಂತ ಫಿರಂಗಿ ಮುಂದಿನ ಕಾಲಾಳನ್ನು ಹೇಗೆ ಕಾಯುತ್ತದೆ, ಶರತ್ಕಾಲದ ಕೆಸರು ರಷ್ಯದಲ್ಲಿ ಏಕೆ ಒಂದು ಸೈನ್ಯದಷ್ಟೇ ಬಲಶಾಲಿ ಎಂಬುದೆಲ್ಲ ಪಠ್ಯಪುಸ್ತಕಕ್ಕಿಂತ ಇಲ್ಲಿ ಬೇಗ ತಲೆಗೆ ಹತ್ತುತ್ತದೆ. ಭೂಪಟದಲ್ಲಿ ಸ್ಮೋಲೆನ್ಸ್ಕ್ ಎಲ್ಲಿದೆ ಎಂದು ತಿಳಿಯದಿದ್ದವರು ನಾಲ್ಕು ರಾತ್ರಿ ಆಡಿದ ಮೇಲೆ ಕಣ್ಣು ಮುಚ್ಚಿ ತೋರಿಸಬಲ್ಲರು.

ಆದರೆ ಆಟ ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವ ಭಾವನೆ ಇನ್ನೊಂದು. ‘ಅಲ್ಲಿ ನಾನಿದ್ದಿದ್ದರೆ ಗೆಲ್ಲುತ್ತಿದ್ದೆ’ ಎಂಬುದು ಅದು. ರಷ್ಯದ ಮೇಲಿನ ಮೊದಲ ದಾಳಿಯಲ್ಲಿ ಬೇಗ ಗೆದ್ದವನ ಮುಂದೆ ಆಟ ಎರಡು ದಾರಿಗಳನ್ನು ಇಡುತ್ತದೆ. ದಕ್ಷಿಣಕ್ಕೆ ತಿರುಗಿ ಕೀವ್ ನಗರ, ಇಲ್ಲವೇ ನೇರ ಮಾಸ್ಕೋ. ಇದು ಇತಿಹಾಸದ ಪ್ರಸಿದ್ಧ ಜಗಳ. ಟ್ಯಾಂಕ್ ದಂಡಿನ ನಾಯಕ ಗುಡೇರಿಯನ್ 1941ರ ಆಗಸ್ಟ್ 23ರಂದು ಹಿಟ್ಲರನ ಬಿಡಾರಕ್ಕೆ ವಿಮಾನದಲ್ಲಿ ಹೋಗಿ ಮಾಸ್ಕೋಗೇ ಹೋಗೋಣವೆಂದು ವಾದಿಸಿದ. ಹಿಟ್ಲರ್ ಒಪ್ಪಲಿಲ್ಲ. ಸೈನ್ಯ ಕೀವ್‌ಗೆ ತಿರುಗಿತು. ಆರು ಲಕ್ಷಕ್ಕೂ ಹೆಚ್ಚು ಸೋವಿಯತ್ ಸೈನಿಕರು ಸೆರೆಸಿಕ್ಕರು. ಮಾಸ್ಕೋ ಹತ್ತಿರ ಬರುವಷ್ಟರಲ್ಲಿ ಕೆಸರೂ ಹಿಮವೂ ಬಂದವು. ಆಟಗಾರ ಗುಡೇರಿಯನ್ನನ ಮಾತು ಕೇಳುತ್ತಾನೆ, ಮಾಸ್ಕೋ ಹಿಡಿಯುತ್ತಾನೆ, ತನ್ನ ಬುದ್ಧಿಗೆ ತಾನೇ ತಲೆದೂಗುತ್ತಾನೆ. ಈ ಸಮಾಧಾನ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ಒಂದು ಸ್ವಾರಸ್ಯಕರ ಕಥೆ ತೆರೆದುಕೊಳ್ಳುತ್ತದೆ.

ಯುದ್ಧವನ್ನು ಹಾಸಿನ ಮೇಲೆ ಇಳಿಸಿದವರಲ್ಲಿ ನಾವೂ ಇದ್ದೇವೆ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೈನ್ಯದಿಂದಲೇ ಚತುರಂಗಕ್ಕೆ ಆ ಹೆಸರು. ಅದು ಪರ್ಷಿಯ, ಅರಬ್ ದೇಶಗಳ ದಾರಿಯಾಗಿ ಯೂರೋಪ್ ಮುಟ್ಟಿತು. 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನ ಹೆಲ್ವಿಗ್ ಎಂಬಾತ ಅದರ ಮನೆಗಳನ್ನು ನೂರುಗಟ್ಟಲೆ ಹೆಚ್ಚಿಸಿ, ಬೆಟ್ಟ, ನದಿ, ಊರುಗಳ ಬಣ್ಣ ಹಚ್ಚಿ, ಕುದುರೆ ಆನೆಗಳ ಬದಲು ಅಂದಿನ ಸೈನ್ಯವನ್ನು ನಿಲ್ಲಿಸಿದ. ಮುಂದಿನ ಹೆಜ್ಜೆ ಪ್ರಷ್ಯದ್ದು. ರೈಸ್‌ವಿಟ್ಜ್ ಎಂಬ ಅಧಿಕಾರಿ 1812ರಲ್ಲಿ ಅಂಥದೊಂದು ಯುದ್ಧದ ಮೇಜನ್ನು ದೊರೆಗೆ ಒಪ್ಪಿಸಿದ. ಸೇನೆಯಲ್ಲಿ ಲೆಫ್ಟಿನೆಂಟ್ ಆಗಿದ್ದ ಅವನ ಮಗ 1824ರಲ್ಲಿ ಚೌಕಗಳನ್ನೇ ತೆಗೆದುಹಾಕಿ ನಿಜವಾದ ಸೇನಾ ನಕ್ಷೆಯ ಮೇಲೆ ಆಡುವ ನಿಯಮಗಳನ್ನು ಬರೆದ. ಒಂದೊಂದು ಸರದಿಯೂ ಎರಡು ನಿಮಿಷದ ಕಾಲಕ್ಕೆ ಸಮ. ಗುಂಡಿನ ಪರಿಣಾಮಕ್ಕೆ ದಾಳ. ಪ್ರಷ್ಯದ ಸೇನಾ ಸಿಬ್ಬಂದಿಯ ಮುಖ್ಯಸ್ಥ ಮ್ಯುಫ್ಲಿಂಗ್ ಇದನ್ನು ಒಲ್ಲದ ಮನಸ್ಸಿನಿಂದ ನೋಡಲು ಕುಳಿತು, ನೋಡುತ್ತ ನೋಡುತ್ತ ಹುರುಪುಗೊಂಡು, ಇದನ್ನು ಆಟವೆನ್ನಬಾರದು, ಯುದ್ಧದ ಶಾಲೆ ಎನ್ನಬೇಕು ಎಂದು ಉದ್ಗರಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಮಗ ರೈಸ್‌ವಿಟ್ಜ್‌ನಿಗೆ ಇದರಿಂದ ಸುಖವೇನೂ ಆಗಲಿಲ್ಲ. 1827ರಲ್ಲಿ ಅವನು ತನ್ನ ಕೈಯಾರೆ ಪ್ರಾಣ ಕಳೆದುಕೊಂಡ. ಆಟ ಉಳಿಯಿತು. 1870-71ರಲ್ಲಿ ಪ್ರಷ್ಯ ಫ್ರಾನ್ಸನ್ನು ಸೋಲಿಸಿದ ಮೇಲೆ ಬೇರೆ ದೇಶಗಳ ಸೈನ್ಯಗಳೂ ಅದನ್ನು ಕಲಿಯಲು ಮುಗಿಬಿದ್ದವು.

ರೈಸ್‌ವಿಟ್ಜ್ ಮಾಡಿದ ದೊಡ್ಡ ಬದಲಾವಣೆ ನಕ್ಷೆಯೂ ಅಲ್ಲ, ದಾಳವೂ ಅಲ್ಲ, ತೀರ್ಪುಗಾರ. ಚದುರಂಗದಲ್ಲಿ ಎಲ್ಲ ಕಾಯಿಗಳೂ ಇಬ್ಬರ ಕಣ್ಣಿಗೂ ಕಾಣುತ್ತವೆ, ಮೂರನೆಯವನಿಗೆ ಕೆಲಸವಿಲ್ಲ. ಯುದ್ಧದಲ್ಲಿ ವೈರಿ ಗುಡ್ಡದ ಹಿಂದಿರುತ್ತಾನೆ. ಹಾಗಾಗಿ ಇಬ್ಬರೂ ತಮ್ಮ ಅಪ್ಪಣೆಗಳನ್ನು ಬರೆದು ತೀರ್ಪುಗಾರನ ಕೈಗೆ ಕೊಡಬೇಕು. ಯಾರಿಗೆ ಏನು ಕಂಡಿತು, ಯಾರ ಸುದ್ದಿ ತಲುಪಿತು, ಯಾರು ಸತ್ತರು ಎಂಬುದನ್ನೆಲ್ಲ ಅವನೇ ಹೇಳುವವನು. ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ಆ ಗಳಿಗೆಯಿಂದ ಒಬ್ಬ ಮನುಷ್ಯನ ಕೈಗೆ ಬಂತು.

ಆ ಅಧಿಕಾರ ಏನೆಲ್ಲ ಮಾಡಬಲ್ಲದು ಎಂಬುದಕ್ಕೆ ಜಪಾನಿನ ನೌಕಾಪಡೆಯ ಉದಾಹರಣೆಯನ್ನು ಸಾಮಾನ್ಯವಾಗಿ ಕೊಡುತ್ತಾರೆ. 1942ರ ಮೇ ತಿಂಗಳಲ್ಲಿ ‘ಯಾಮಾಟೋ’ ಯುದ್ಧನೌಕೆಯ ಮೇಲೆ ಮಿಡ್‌ವೇ ದಾಳಿಯ ಯುದ್ಧದಾಟ ನಡೆಯಿತು. ಅಮೆರಿಕನ್ ವಿಮಾನಗಳ ಪಾಲಿಗೆ ದಾಳದ ಗರ ಚೆನ್ನಾಗಿ ಬಿದ್ದು ಜಪಾನಿನ ವಿಮಾನವಾಹಕ ಹಡಗುಗಳಾದ ‘ಅಕಾಗಿ’, ‘ಕಾಗಾ’ ಎರಡೂ ಮುಳುಗಿದವು. ಆಟದ ಹಿರಿಯ ಅಧಿಕಾರಿ ಅಡ್ಮಿರಲ್ ಉಗಾಕಿ ಮಧ್ಯೆ ಬಂದು, ಒಂಬತ್ತು ಏಟುಗಳನ್ನು ಮೂರಕ್ಕೆ ಇಳಿಸಿದರು. ಅಕಾಗಿ ತೇಲಿತು. ಕಾಗಾ ಮುಳುಗಿದ್ದು ಹೌದಾದರೂ ಆಟದ ಮುಂದಿನ ಭಾಗದಲ್ಲಿ ಅದೂ ಜೀವಂತವಾಗಿ ಕಾಣಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಜಪಾನೀ ನೌಕಾಧಿಕಾರಿಗಳೇ ಬರೆದ ಪುಸ್ತಕ ಇದನ್ನು ಜಗತ್ತಿಗೆ ತಿಳಿಸಿತು. ಜೂನ್ ತಿಂಗಳ ನಿಜವಾದ ಕಾಳಗದಲ್ಲಿ ಎರಡೂ ಹಡಗುಗಳು ಸಮುದ್ರದ ತಳ ಸೇರಿದವು. ನಗಬೇಡಿ. ಕಂಪ್ಯೂಟರಿನ ಮುಂದೆ ಕುಳಿತ ಪ್ರತಿಯೊಬ್ಬ ಆಟಗಾರನೂ ಒಬ್ಬ ಉಗಾಕಿಯೇ. ಪ್ರೀತಿಯ ತುಕಡಿ ನಾಶವಾದರೆ ಅವನು ಹಿಂದೆ ಉಳಿಸಿಟ್ಟ ಆಟವನ್ನು ಮತ್ತೆ ತೆರೆಯುತ್ತಾನೆ. ಸತ್ತವರು ಎದ್ದು ನಿಲ್ಲುತ್ತಾರೆ.

ಜರ್ಮನರೂ ರಷ್ಯದ ದಂಡಯಾತ್ರೆಯನ್ನು ಮೊದಲು ಮೇಜಿನ ಮೇಲೆ ಆಡಿ ನೋಡಿದ್ದರು. 1940ರ ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗೆ ಅದನ್ನು ನಡೆಸಿದವನು ಫ್ರೀಡ್ರಿಕ್ ಪೌಲಸ್. ಎರಡು ವರ್ಷದ ಮೇಲೆ ಸ್ಟಾಲಿನ್‌ಗ್ರಾಡ್‌ನಲ್ಲಿ ಶರಣಾಗತನಾದನಲ್ಲ, ಅವನೇ. ರಷ್ಯ ಲಾಳಿಕೆಯ ಹಾಗೆ ಇದೆ, ಒಳಗೆ ಹೋದಷ್ಟೂ ರಣರಂಗ ಅಗಲವಾಗುತ್ತದೆ, ಸೈನ್ಯ ತೆಳುವಾಗುತ್ತದೆ ಎಂಬುದು ಆಗಲೇ ಕಂಡಿತ್ತು. ಕಂಡದ್ದನ್ನು ಯಾರೂ ದಾಳಿ ಕೈಬಿಡುವಷ್ಟು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಎಂಬುದು ಬೇರೆ ಮಾತು.

ಇನ್ನು ಆರು ಮೂಲೆಯ ಮನೆಯ ವಿಚಾರ. ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ಯುದ್ಧದಾಟವನ್ನು ರಟ್ಟಿನ ಡಬ್ಬದಲ್ಲಿಟ್ಟು ಸಾಮಾನ್ಯರಿಗೆ ಮಾರಿದ. 1961ರ ಹೊತ್ತಿಗೆ ಅವನ ಸಂಸ್ಥೆಯ ಆಟಗಳಿಗೆ ಚೌಕದ ಬದಲು ಷಟ್ಕೋನ ಬಂತು. ಮೂಲೆಯಿಂದ ಮೂಲೆಗೆ ಹೋದರೂ ಪಕ್ಕಕ್ಕೆ ಹೋದರೂ ದೂರ ಒಂದೇ ಆಗಬೇಕೆಂಬ ಲೆಕ್ಕಾಚಾರ. ಕಂಪ್ಯೂಟರ್ ಬಂದಾಗ ಈ ಎಲ್ಲವನ್ನೂ, ಮನೆ, ದಾಳ, ಅಂಕಿಗಳ ಕೋಷ್ಟಕ, ತೀರ್ಪುಗಾರ ಸಮೇತ, ಅದು ನುಂಗಿಕೊಂಡಿತು. ಮೇಜಿನ ಬಳಿ ನಿಂತ ತೀರ್ಪುಗಾರನೊಡನೆ ಜಗಳವಾಡಬಹುದಿತ್ತು. ಯಂತ್ರದೊಳಗಿನ ತೀರ್ಪುಗಾರ ಕಾಣುವುದಿಲ್ಲ. ಅವನು ಲೆಕ್ಕಕ್ಕೆ ತೆಗೆದುಕೊಳ್ಳದ್ದು ಲೋಕದಲ್ಲೇ ಇಲ್ಲವೇನೋ ಎಂದು ತೋರುತ್ತದೆ.

‘ಪ್ಯಾಂಜರ್ ಜನರಲ್’ನ ತೀರ್ಪುಗಾರ ಏನನ್ನು ಬಿಡುತ್ತಾನೆ? ಮೊದಲು ಹೊಟ್ಟೆಯ ವಿಚಾರವನ್ನೇ ನೋಡೋಣ. ಆಟದಲ್ಲಿ ತುಕಡಿಗೆ ಎಣ್ಣೆ, ಮದ್ದುಗುಂಡು ಮುಗಿದರೆ ಒಂದು ಸರದಿ ನಿಂತು ಒಂದು ಗುಂಡಿ ಒತ್ತಿದರಾಯಿತು. ವೈರಿ ಪಕ್ಕದಲ್ಲಿಲ್ಲದೆ, ಹವೆ ಚೆನ್ನಾಗಿದ್ದರೆ ಟ್ಯಾಂಕಿ ತುಂಬುತ್ತದೆ. ಅದಕ್ಕೆ ಬೆಲೆಯೂ ಇಲ್ಲ. ನಿಜವಾದ ಯುದ್ಧದಲ್ಲಿ ಅದು ಬರಬೇಕಾಗಿದ್ದದ್ದು ರೈಲಿನಲ್ಲಿ. ಜರ್ಮನಿಯ ಹಳಿಗಳ ನಡುವಿನ ಅಂತರ 1435 ಮಿ.ಮೀ., ರಷ್ಯದ್ದು 1524 ಮಿ.ಮೀ. ಮೀಟರ್ ಗೇಜಿನಿಂದ ಇಳಿದು ಗಂಟುಮೂಟೆ ಹೊತ್ತು ಬ್ರಾಡ್ ಗೇಜಿನ ಗಾಡಿಗೆ ಓಡಿದ ನೆನಪಿರುವ ನಮ್ಮ ಹಿರಿಯರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಒಂದೋ ಸರಕನ್ನೆಲ್ಲ ಇಳಿಸಿ ಏರಿಸಬೇಕು, ಇಲ್ಲವೇ ಮೈಲುಗಟ್ಟಲೆ ಹಳಿಯನ್ನೇ ಕಿತ್ತು ಸರಿಸಬೇಕು. ಪರದೆಯ ಮೇಲೆ ಟ್ಯಾಂಕುಗಳದ್ದೇ ದರ್ಬಾರು. ಆದರೆ 1941ರ ಜೂನ್ 22ರಂದು ಗಡಿ ದಾಟಿದ ಆ ಸೈನ್ಯದಲ್ಲಿ ಟ್ಯಾಂಕುಗಳು ಸುಮಾರು 3500, ಕುದುರೆಗಳು ಆರು ಲಕ್ಷಕ್ಕೂ ಮೇಲೆ. ಕುದುರೆಗೆ ಮೇವು ಬೇಕು, ಮೂವತ್ತು ಲಕ್ಷ ಮಂದಿಗೆ ಅನ್ನ ಬೇಕು.

ಆ ಅನ್ನ ಎಲ್ಲಿಂದ ಬರಬೇಕೆಂದು ದಾಳಿಗೆ ಏಳು ವಾರ ಮೊದಲೇ, 1941ರ ಮೇ 2ರಂದು, ಜರ್ಮನ್ ಸರ್ಕಾರದ ಕಾರ್ಯದರ್ಶಿಗಳ ಸಭೆ ತೀರ್ಮಾನಿಸಿತ್ತು. ಇಡೀ ಸೈನ್ಯ ರಷ್ಯದ ನೆಲದಲ್ಲೇ ಉಣ್ಣಬೇಕು. ಹಾಗೆ ಉಂಡರೆ ಅಲ್ಲಿನ ಜನ ಕೋಟಿಗಳ ಲೆಕ್ಕದಲ್ಲಿ ಹಸಿವಿನಿಂದ ಸಾಯುವುದು ಖಂಡಿತ ಎಂಬುದೂ ಆ ಚರ್ಚೆಯ ಭಾಗವಾಗಿತ್ತು. ಅದು ಯುದ್ಧದ ಅವಘಡವಾಗಿ ಆದದ್ದಲ್ಲ. ಯುದ್ಧದ ಲೆಕ್ಕಪತ್ರದ ಒಂದು ಸಾಲು. ಆಟದಲ್ಲಿ ಟ್ಯಾಂಕಿ ತುಂಬಿಸುವ ಆ ಒಂದು ಗುಂಡಿಯ ಹಿಂದೆ ಇದೆಲ್ಲ ಇದೆ. ಯುದ್ಧತಂತ್ರ ಬೇರೆ, ಅಪರಾಧ ಬೇರೆ, ನಾನು ತಂತ್ರವನ್ನಷ್ಟೇ ಆಡುತ್ತಿದ್ದೇನೆ ಎಂಬ ಆಟಗಾರನ ಸಮಾಧಾನ ಇಲ್ಲಿ ಸಡಿಲವಾಗುತ್ತದೆ.

ಕೀವ್‌ಗೇ ಮರಳೋಣ. ಪರದೆಯ ಮೇಲೆ ಅದು ಕೆಲವು ಮನೆಗಳ ನಗರ. ಹಿಡಿದರೆ ಬಾವುಟ ಬದಲಾಗುತ್ತದೆ, ಪ್ರತಿಷ್ಠೆಯ ಅಂಕ ಸೇರುತ್ತದೆ, ಸರದಿ ಮುಂದಕ್ಕೆ ಹೋಗುತ್ತದೆ. ನಿಜವಾದ ಕೀವ್ ಜರ್ಮನರ ವಶವಾದದ್ದು 1941ರ ಸೆಪ್ಟೆಂಬರ್ 19ರಂದು. ಹತ್ತು ದಿನದೊಳಗೆ ನಗರದ ಯಹೂದಿಗಳೆಲ್ಲ ಬೆಚ್ಚನೆಯ ಬಟ್ಟೆ, ಕಾಗದಪತ್ರ, ಬೆಲೆಬಾಳುವ ವಸ್ತುಗಳೊಡನೆ ಗೊತ್ತಾದ ಬೀದಿಯ ಮೂಲೆಗೆ ಬರಬೇಕೆಂದು ಗೋಡೆಗಳ ಮೇಲೆ ಪ್ರಕಟಣೆ ಬಿತ್ತು. ಬೇರೆ ಊರಿಗೆ ಸಾಗಿಸುತ್ತಾರೆಂದು ನಂಬಿ ಮುದುಕರು, ಹೆಂಗಸರು, ಮಕ್ಕಳು ಬಂದರು. ಅವರನ್ನು ನಡೆಸಿಕೊಂಡು ಹೋದದ್ದು ಊರಂಚಿನ ಬಾಬಿ ಯಾರ್ ಎಂಬ ಕಂದಕಕ್ಕೆ. ಸೆಪ್ಟೆಂಬರ್ 29 ಮತ್ತು 30, ಎರಡೇ ದಿನದಲ್ಲಿ ಕೊಂದವರ ಸಂಖ್ಯೆಯನ್ನು ಕೊಂದವರೇ ಬರೆದಿಟ್ಟಿದ್ದಾರೆ: 33,771. ಗುಂಡು ಹಾರಿಸಿದವರು ಹಿಟ್ಲರನ ಎಸ್.ಎಸ್. ಪಡೆ ಮತ್ತು ಪೊಲೀಸರು. ಆದರೆ ಪ್ರಕಟಣೆಯನ್ನು ಅಚ್ಚುಹಾಕಿಕೊಟ್ಟು ಸಹಕರಿಸಿದ್ದು ಆರನೆಯ ಸೈನ್ಯ. ಮುಂದೆ ಪೌಲಸ್ ಸ್ಟಾಲಿನ್‌ಗ್ರಾಡ್‌ಗೆ ಒಯ್ದ ಸೈನ್ಯ. ಆಟಗಾರನ ಪ್ರೀತಿಯ ಹಳೆಯ ತುಕಡಿಗಳು ಇದ್ದಿದ್ದರೆ ಅಂಥ ಸೈನ್ಯದಲ್ಲೇ ಇರುತ್ತಿದ್ದವು. ಸೆರೆಸಿಕ್ಕ ಆ ಆರು ಲಕ್ಷ ಸೈನಿಕರ ಗತಿಯೂ ಪರದೆಯ ಮೇಲಿಲ್ಲ. 1941ರಲ್ಲಿ ಸೆರೆಯಾದ ಸುಮಾರು 33 ಲಕ್ಷ ಸೋವಿಯತ್ ಸೈನಿಕರಲ್ಲಿ ಹೆಚ್ಚುಕಡಿಮೆ 20 ಲಕ್ಷ ಮಂದಿ ಮರುವರ್ಷದ ಫೆಬ್ರವರಿಯೊಳಗೆ ಹಸಿವು, ಚಳಿ, ರೋಗ, ಗುಂಡುಗಳಿಗೆ ಸತ್ತರು.

ಆಟ ಮಾಡಿದವರು ಕೇಡಿಗರೇನಲ್ಲ. ಅವರ ಕೈಗೆ ಸಿಕ್ಕಿದ ಇತಿಹಾಸವೇ ಹಾಗಿತ್ತು. 1945ರ ನಂತರ ಅಮೆರಿಕದ ಸೈನ್ಯಕ್ಕೆ ರಷ್ಯದೊಡನೆ ಕಾದಿದ ಅನುಭವ ಬೇಕಾಗಿತ್ತು. ಅದಿದ್ದದ್ದು ಸೋತ ಜರ್ಮನ್ ಸೇನಾಪತಿಗಳ ಬಳಿ. ರಷ್ಯದ ದಾಳಿಯ ಕಾಲದಲ್ಲಿ ಭೂಸೇನೆಯ ಸಿಬ್ಬಂದಿ ಮುಖ್ಯಸ್ಥನಾಗಿದ್ದ ಫ್ರಾಂಟ್ಸ್ ಹಾಲ್ಡರ್‌ನ ಮೇಲ್ವಿಚಾರಣೆಯಲ್ಲಿ ನೂರಾರು ಅಧಿಕಾರಿಗಳು ಅಮೆರಿಕದ ಸೇನಾ ಇತಿಹಾಸ ವಿಭಾಗಕ್ಕಾಗಿ ತಮ್ಮ ಯುದ್ಧವನ್ನು ಬರೆದುಕೊಟ್ಟರು. ಆ ಸೇವೆಗಾಗಿ 1961ರಲ್ಲಿ ಅಮೆರಿಕ ಅವನಿಗೆ ಪದಕವನ್ನೂ ಕೊಟ್ಟಿತು. ಗುಡೇರಿಯನ್ ಆತ್ಮಕಥೆ ಬರೆದ. ಮಾನ್‌ಸ್ಟೈನ್ 1955ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರೇ ‘ಕಳೆದುಹೋದ ಗೆಲುವುಗಳು’. ಎಲ್ಲದರ ಸಾರವೂ ಒಂದೇ: ನಾವು ಬರೀ ವೃತ್ತಿನಿರತ ಸೈನಿಕರು, ನಮ್ಮ ಮಾತು ಕೇಳಿದ್ದರೆ ಗೆಲ್ಲುತ್ತಿದ್ದೆವು, ಕೆಡಿಸಿದವನು ಹಿಟ್ಲರ್, ಕೊಲೆಗಳು ಎಸ್.ಎಸ್. ಪಡೆಯವರವು. ಸೆರೆಸಿಕ್ಕ ಕಮ್ಯುನಿಸ್ಟ್ ರಾಜಕೀಯ ಅಧಿಕಾರಿಗಳನ್ನು ಸ್ಥಳದಲ್ಲೇ ಕೊಲ್ಲಬೇಕೆಂಬ 1941ರ ಆಜ್ಞೆಯನ್ನು ರೂಪಿಸುವುದರಲ್ಲಿ ಹಾಲ್ಡರ್‌ನ ಕಚೇರಿಯ ಕೈಯಿದ್ದದ್ದು, ಮಾನ್‌ಸ್ಟೈನ್ 1949ರಲ್ಲಿ ಹ್ಯಾಂಬರ್ಗ್‌ನ ನ್ಯಾಯಾಲಯದಲ್ಲಿ 18 ವರ್ಷದ ಶಿಕ್ಷೆ ಪಡೆದು 1953ರಲ್ಲೇ ಹೊರಬಂದದ್ದು, ಇವು ಆ ಪುಸ್ತಕಗಳಲ್ಲಿ ಎದ್ದು ಕಾಣುವುದಿಲ್ಲ. ಇಂಗ್ಲಿಷಿಗೆ ಬಂದ ಅವನ್ನು ಯುದ್ಧದಾಟದ ಅಭಿಮಾನಿಗಳು ಹಬ್ಬದಂತೆ ಓದಿದರು. ‘ನಾನಿದ್ದಿದ್ದರೆ ಗೆಲ್ಲುತ್ತಿದ್ದೆ’ ಎಂದು ಆಟಗಾರ ತನ್ನ ಅನುಭವವೆಂದು ಹೇಳುವ ಮಾತು ಅಸಲಿಗೆ ಈ ಸೋತ ಸೇನಾಪತಿಗಳ ತಕರಾರು ಅರ್ಜಿ. ಸ್ಮೆಲ್ಸರ್ ಮತ್ತು ಡೇವಿಸ್ ಎಂಬ ಇಬ್ಬರು ಅಮೆರಿಕನ್ ಇತಿಹಾಸಕಾರರು ಈ ವಂಶಾವಳಿಯನ್ನು 2008ರಲ್ಲಿ ಒಂದು ಪುಸ್ತಕವನ್ನಾಗಿಯೇ ಬರೆದರು.

ಸ್ವತಃ ಜರ್ಮನಿಯಲ್ಲಿ ಈ ಲೆಕ್ಕವನ್ನು ಬಹಿರಂಗವಾಗಿ ತೆರೆದದ್ದು ಆಟ ಹೊರಬಂದ ಮರುವರ್ಷ. 1995ರಲ್ಲಿ ಹ್ಯಾಂಬರ್ಗ್‌ನ ಸಂಶೋಧನಾ ಸಂಸ್ಥೆಯೊಂದು ಜರ್ಮನ್ ಸೈನ್ಯದ ಅಪರಾಧಗಳ ಛಾಯಾಚಿತ್ರ ಪ್ರದರ್ಶನವನ್ನು ಊರೂರಿಗೆ ಒಯ್ಯಿತು. 1997ರಲ್ಲಿ ಮ್ಯೂನಿಕ್‌ನಲ್ಲಿ ಅದರ ವಿರುದ್ಧ ಮೆರವಣಿಗೆ ನಡೆಯಿತು, ಸಂಸತ್ತಿನಲ್ಲೂ ಚರ್ಚೆಯಾಯಿತು. ಕೆಲವು ಚಿತ್ರಗಳ ವಿವರ ತಪ್ಪೆಂದು ತಿಳಿದಾಗ 1999ರಲ್ಲಿ ಪ್ರದರ್ಶನ ನಿಂತಿತು. ಇತಿಹಾಸಕಾರರ ಸಮಿತಿ ಪರಿಶೀಲಿಸಿ, ಬಿಡಿ ದೋಷಗಳಿವೆ, ಮೂಲ ವಾದ ಸರಿಯಾಗಿದೆ ಎಂದಿತು. 2001ರಲ್ಲಿ ಹೊಸ ರೂಪದಲ್ಲಿ ಮತ್ತೆ ತೆರೆಯಿತು.

‘ಪ್ಯಾಂಜರ್ ಜನರಲ್’ನ ಸಂತತಿ ಇಂದಿಗೂ ಮುಗಿದಿಲ್ಲ. 2011ರಲ್ಲಿ ಬಂದ ‘ಪ್ಯಾಂಜರ್ ಕೋರ್’ ಹೆಚ್ಚುಕಡಿಮೆ ಅದೇ ಮನೆ, ಅದೇ ಅಂಕಿ, ಅದೇ ಸುಖ. ಆದರೆ ಅದೇ ಜಾತಿಯಲ್ಲಿ ಬೇರೆ ಲೆಕ್ಕ ಹಿಡಿದ ಆಟವೂ ಬಂದಿದೆ. 2015ರಲ್ಲಿ ಹೊರಬಂದ ‘ಡಿಸೈಸಿವ್ ಕ್ಯಾಂಪೇನ್ಸ್: ಬಾರ್ಬರೋಸಾ’ದಲ್ಲೂ ಸರದಿಯಿದೆ, ಷಟ್ಕೋನವಿದೆ. ಜರ್ಮನ್ ಪಕ್ಷ ವಹಿಸಿದವನು ಅಲ್ಲಿ ಬೇರಾರೂ ಅಲ್ಲ, ಹಾಲ್ಡರ್. ಅವನು ಟ್ಯಾಂಕು ನಡೆಸುವುದಕ್ಕಿಂತ ಹೆಚ್ಚು ಹೊತ್ತು ಕಡತ ನೋಡಬೇಕು. ಎಣ್ಣೆ ಗುಂಡಿ ಒತ್ತಿದರೆ ಬರುವುದಿಲ್ಲ. ರೈಲು ಹಳಿ ಎಲ್ಲಿಯವರೆಗೆ ಬದಲಾಗಿದೆ ಎಂದು ವಿಚಾರಿಸಬೇಕು, ಲಾರಿಗಳ ಸ್ಥಿತಿ ಕೇಳಬೇಕು, ಮುನಿಸಿಕೊಂಡ ಸೇನಾಪತಿಗಳನ್ನು ಸಂಭಾಳಿಸಬೇಕು. ನಡುನಡುವೆ ಮೇಜಿನ ಮೇಲೆ ಬೇರೊಂದು ಬಗೆಯ ಕಾಗದಗಳೂ ಬಂದು ಬೀಳುತ್ತವೆ. ಮುಂಚೂಣಿಯ ಹಿಂದೆ ಏನು ನಡೆಯುತ್ತಿದೆ ಎಂಬ ವರದಿಗಳು ಅವು. ಮುಂದಿನ ಸರದಿಗೆ ಹೋಗುವ ಮುಂಚೆ ಆಟಗಾರ ಅವುಗಳ ಬಗ್ಗೆ ಏನಾದರೊಂದು ತೀರ್ಮಾನ ಮಾಡಬೇಕು.